ಹೆಡ್‌ಫೋನ್‌ನಲ್ಲಿ ಚೆನ್ನಾಗಿದ್ದ ಗಿಟಾರ್ ಟೋನ್ ಸ್ಟೇಜ್ ಮೇಲೆ ಯಾಕೆ ಕೆಡುತ್ತದೆ?

ಪ್ರಶ್ನೆ: ನಾನು ದಾವಣಗೆರೆ ಕಡೆಯವನು. ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಮೊದಲು ಆಂಪ್ ಹೊತ್ತುಕೊಂಡು ಹೋಗುತ್ತಿದ್ದೆ. ಈಗ ಐಆರ್, ಅಂದರೆ ಸ್ಪೀಕರ್ ಕ್ಯಾಬಿನೆಟ್‌ನ ಸದ್ದನ್ನು ನಕಲು ಮಾಡುವ ಇಂಪಲ್ಸ್ ರೆಸ್ಪಾನ್ಸ್ ಫೈಲ್ ಹಾಕಬಹುದಾದ ಮಲ್ಟಿ ಎಫೆಕ್ಟ್ಸ್ ತಗೊಂಡಿದ್ದೇನೆ. ನೂರಾರು ಐಆರ್ ಇಳಿಸಿಕೊಂಡಿದ್ದೇನೆ. ಮನೆಯಲ್ಲಿ ಹೆಡ್‌ಫೋನ್‌ನಲ್ಲಿ ತುಂಬಾ ಚೆನ್ನಾಗಿ ಕೇಳುತ್ತೆ. ಸ್ಟೇಜ್‌ನಲ್ಲಿ ನೇರ ಮಿಕ್ಸರ್‌ಗೆ ಹಾಕಿದರೆ ಒಂದೊಂದು ಸಲ ಜೇನುಹುಳ ಗುಂಯ್‌ಗುಟ್ಟಿದ ಹಾಗೆ ಇರುತ್ತೆ, ಒಂದೊಂದು ಸಲ ಬ್ಯಾಂಡ್ ಒಳಗೆ ಗಿಟಾರೇ ಕೇಳಿಸಲ್ಲ. ಯಾವ ಐಆರ್ ಬಳಸಬೇಕು? ಇನ್ನೊಂದು ವಿಷಯ. ಒಂದು ಹಾಡು ರೆಕಾರ್ಡ್ ಮಾಡಬೇಕಿದೆ. ಮನೆಯಲ್ಲಿ ಹಳೇ ಟ್ಯೂಬ್ ಆಂಪ್ ಹೆಡ್ ಇದೆ, ಸ್ಪೀಕರ್ ಇರುವ ಕ್ಯಾಬಿನೆಟ್ ಇಲ್ಲ. ಅದನ್ನೂ ಐಆರ್ ಜೊತೆ ಬಳಸಬಹುದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅಲ್ಲಿ ತಪ್ಪಿದರೆ ಟೋನ್ ಅಲ್ಲ, ಆಂಪೇ ಹೋಗುತ್ತದೆ.

ಟ್ಯೂಬ್ ಹೆಡ್ಡನ್ನು ಐಆರ್ ಜೊತೆ ಖಂಡಿತ ಬಳಸಬಹುದು. ಆದರೆ ಅದರ ಸ್ಪೀಕರ್ ಔಟ್‌ಗೆ ಸ್ಪೀಕರನ್ನೋ, ಸ್ಪೀಕರ್ ಬದಲು ಶಕ್ತಿ ಹೀರಿಕೊಳ್ಳುವ ಲೋಡ್ ಬಾಕ್ಸನ್ನೋ ಸಿಕ್ಕಿಸದೆ ಆಂಪ್ ಆನ್ ಮಾಡಿ ನುಡಿಸಲೇಬೇಡಿ. ಪವರ್ ಟ್ಯೂಬ್‌ಗಳ ಮುಂದೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದರ ಆ ಕಡೆ ಶಕ್ತಿ ಹೀರಿಕೊಳ್ಳುವ ಏನೂ ಇಲ್ಲದಿದ್ದರೆ ಈ ಕಡೆ ವೋಲ್ಟೇಜ್ ವಿಪರೀತ ಏರುತ್ತದೆ. ಟ್ರಾನ್ಸ್‌ಫಾರ್ಮರ್ ಒಳಗಿನ ಇನ್ಸುಲೇಶನ್ ತೂತಾಗಬಹುದು, ಟ್ಯೂಬ್ ಸಾಕೆಟ್‌ನಲ್ಲಿ ಕಿಡಿ ಹಾರಬಹುದು. ಹಳೇ ಆಂಪ್‌ಗೆ ಸರಿಯಾದ ಟ್ರಾನ್ಸ್‌ಫಾರ್ಮರ್ ಹುಡುಕಿ ಹಾಕಿಸುವುದು ದುಬಾರಿ ಕೆಲಸ. ಹಾಗೇ, ಸ್ಪೀಕರ್ ಔಟನ್ನು ನೇರವಾಗಿ ಮಿಕ್ಸರ್‌ಗೋ, ಕಂಪ್ಯೂಟರ್‌ಗೆ ಸದ್ದು ಸೇರಿಸುವ ಆಡಿಯೋ ಇಂಟರ್‌ಫೇಸ್‌ಗೋ ಕೊಡಬೇಡಿ. ಅದು ಸ್ಪೀಕರ್ ಅಲ್ಲಾಡಿಸುವಷ್ಟು ಶಕ್ತಿಯ ಸಿಗ್ನಲ್. ಇಂಟರ್‌ಫೇಸ್ ಸುಟ್ಟು ಹೋಗುತ್ತದೆ, ಆಂಪ್‌ಗೂ ಸರಿಯಾದ ಲೋಡ್ ಸಿಗುವುದಿಲ್ಲ.

ಸರಿಯಾದ ದಾರಿ ಹೀಗೆ: ಹೆಡ್‌ನ ಸ್ಪೀಕರ್ ಔಟ್‌ನಿಂದ ಲೋಡ್ ಬಾಕ್ಸ್‌ಗೆ, ಲೋಡ್ ಬಾಕ್ಸ್‌ನ ಲೈನ್ ಔಟ್‌ನಿಂದ ಇಂಟರ್‌ಫೇಸ್‌ಗೆ, ಕಂಪ್ಯೂಟರ್ ಒಳಗೆ ಐಆರ್. ಹೆಡ್‌ನಿಂದ ಲೋಡ್ ಬಾಕ್ಸ್‌ವರೆಗಿನ ತುಂಡಿಗೆ ಸ್ಪೀಕರ್ ಕೇಬಲ್ಲೇ ಬೇಕು. ಗಿಟಾರ್ ಕೇಬಲ್ ನೋಡಲು ಒಂದೇ ಥರ ಇರುತ್ತದೆ, ಆದರೆ ಒಳಗಿನ ತಂತಿ ತೆಳು, ಬಿಸಿಯಾಗಿ ಕರಗಬಹುದು. ಆಂಪ್ 8 ಓಮ್ ಕೇಳಿದರೆ ಲೋಡ್ ಕೂಡ 8 ಓಮ್ ಇರಲಿ. ಆಂಪ್‌ನ ವ್ಯಾಟ್‌ಗಿಂತ ಲೋಡ್ ತಡೆಯುವ ವ್ಯಾಟ್ ಜಾಸ್ತಿ ಇರಲಿ. ಲೋಡ್ ಬಾಕ್ಸ್ ಬಿಸಿಯಾಗುತ್ತದೆ, ಮೇಲೆ ಬಟ್ಟೆ ಗಿಟ್ಟೆ ಹಾಕಬೇಡಿ. 'ಎಫೆಕ್ಟ್ಸ್ ಸೆಂಡ್‌ನಿಂದ ತಗೊಂಡರೆ ಲೋಡ್ ಬೇಡ ಅಲ್ವಾ?' ಅಂತ ತುಂಬಾ ಜನ ಕೇಳುತ್ತಾರೆ. ಬೇಕು. ಸಿಗ್ನಲ್ ಮಧ್ಯದಲ್ಲಿ ತೆಗೆದರೂ ಪವರ್ ಸೆಕ್ಷನ್ ಆನ್ ಆಗಿಯೇ ಇರುತ್ತದೆ.

ಲೋಡ್‌ನಲ್ಲಿ ಎರಡು ಬಗೆ. ಒಂದು ಬರೀ ರೆಸಿಸ್ಟರ್. ಇನ್ನೊಂದು ರಿಯಾಕ್ಟಿವ್, ಅಂದರೆ ನಿಜವಾದ ಸ್ಪೀಕರ್ ಥರ ವರ್ತಿಸುವಂಥದ್ದು. ನಿಜವಾದ 8 ಓಮ್ ಸ್ಪೀಕರ್ ಎಲ್ಲ ಸ್ವರಕ್ಕೂ 8 ಓಮ್ ಇರುವುದಿಲ್ಲ. ಕೋನ್ ತಾನಾಗಿ ತೂಗುವ ಫ್ರೀಕ್ವೆನ್ಸಿಯಲ್ಲಿ, ಸುಮಾರು 75ರಿಂದ 110 ಹರ್ಟ್ಸ್ ಹತ್ತಿರ, ಅದರ ಇಂಪೀಡೆನ್ಸ್, ಅಂದರೆ ಓಮ್‌ನಲ್ಲಿ ಅಳೆಯುವ ತಡೆ, ಹಲವು ಪಟ್ಟು ಏರುತ್ತದೆ. ಮೇಲೆ ಟ್ರೆಬಲ್ ಕಡೆಗೆ ಹೋದಂತೆ ವಾಯ್ಸ್ ಕಾಯಿಲ್‌ನಿಂದಾಗಿ ಮತ್ತೆ ಏರುತ್ತದೆ. ಟ್ಯೂಬ್ ಆಂಪ್ ಈ ಏರಿಳಿತಕ್ಕೆ ಸ್ಪಂದಿಸುತ್ತದೆ. ಹೊಡೆದಾಗ ಬರುವ ಆ ಗುದ್ದು, ಮೇಲಿನ ಹೊಳಪು ಎರಡರಲ್ಲೂ ಇದರ ಪಾಲು ದೊಡ್ಡದು. ಬರೀ ರೆಸಿಸ್ಟರ್ ಹಾಕಿದರೆ ಆಂಪ್ ಸುರಕ್ಷಿತ, ಆದರೆ ಸೌಂಡ್ ಚಪ್ಪೆ. ಎಷ್ಟೇ ಒಳ್ಳೇ ಐಆರ್ ಹಾಕಿದರೂ ಆ ಕೊರತೆ ತುಂಬುವುದಿಲ್ಲ, ಯಾಕೆಂದರೆ ಅದು ಆಂಪ್ ಒಳಗೇ ಆಗಬೇಕಾದ ಕೆಲಸ. ಸುರ್ ಕಂಪನಿಯ ರಿಯಾಕ್ಟಿವ್ ಲೋಡ್, ಟೂ ನೋಟ್ಸ್‌ನವರ ಟಾರ್ಪೀಡೊ ಸಾಲಿನ ಪೆಟ್ಟಿಗೆಗಳು, ಯೂನಿವರ್ಸಲ್ ಆಡಿಯೋದವರ ಆಕ್ಸ್, ಇವೆಲ್ಲ ಈ ಉದ್ದೇಶಕ್ಕೇ ಬಂದವು. ಒಂದೇ ಹಾಡಿಗಾಗಿ ಕೊಳ್ಳುವುದಕ್ಕಿಂತ, ಲೋಡ್ ಬಾಕ್ಸ್ ಇರುವ ಸ್ಟುಡಿಯೋಗೆ ಹೆಡ್ ಹೊತ್ತುಕೊಂಡು ಹೋಗುವುದು ಜಾಣತನ.

ಈಗ ಜೇನುಹುಳದ ವಿಷಯ.

ಒಂದು ಖಾಲಿ ಕಲ್ಯಾಣ ಮಂಟಪದಲ್ಲಿ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ಚಪ್ಪಾಳೆ ಕ್ಷಣದಲ್ಲಿ ಮುಗಿಯುತ್ತದೆ, ಮಂಟಪದ ಉತ್ತರ ಮಾತ್ರ ಇನ್ನೂ ಸ್ವಲ್ಪ ಹೊತ್ತು ಕೇಳುತ್ತಿರುತ್ತದೆ. ಆ ಉತ್ತರವೇ ಇಂಪಲ್ಸ್ ರೆಸ್ಪಾನ್ಸ್. ಸ್ಪೀಕರ್‌ಗೂ ಇದೇ. ಅಳೆಯಲು ಚಪ್ಪಾಳೆ ಬದಲು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಏರುತ್ತಾ ಹೋಗುವ ಒಂದು ಸ್ವೀಪ್ ಕೊಡುತ್ತಾರೆ. ಕ್ಯಾಬಿನೆಟ್ ಮುಂದಿನ ಮೈಕ್ ಅದನ್ನು ಹಿಡಿಯುತ್ತದೆ. ಕೊಟ್ಟಿದ್ದು ಏನು, ಬಂದಿದ್ದು ಏನು ಅಂತ ಲೆಕ್ಕ ಹಾಕಿ ಒಂದು ಪುಟ್ಟ ವೇವ್ ಫೈಲ್ ಮಾಡುತ್ತಾರೆ. ಇಟಲಿಯ ಪಾರ್ಮಾ ವಿಶ್ವವಿದ್ಯಾಲಯದ ಆಂಜೆಲೊ ಫರೀನಾ 2000ನೇ ಇಸವಿಯಲ್ಲಿ ವಿವರಿಸಿದ ಸ್ವೀಪ್ ವಿಧಾನದಲ್ಲಿ ಒಂದು ಚೆಂದದ ಗುಣವಿದೆ. ಸ್ಪೀಕರ್ ತಾನಾಗಿ ಸೇರಿಸಿದ ಡಿಸ್ಟಾರ್ಶನ್ ಲೆಕ್ಕದಲ್ಲಿ ಬೇರೆಯಾಗಿ ಮುಂದಕ್ಕೆ ಬಂದು ಕೂರುತ್ತದೆ, ಅದನ್ನು ಕತ್ತರಿಸಿ ಹಾಕಬಹುದು. ಹಾಗಾಗಿ ಐಆರ್‌ನಲ್ಲಿ ಉಳಿಯುವುದು ಯಾವ ಫ್ರೀಕ್ವೆನ್ಸಿ ಎಷ್ಟು ಜೋರು, ಎಷ್ಟು ತಡ ಅನ್ನುವುದಷ್ಟೇ. ಜೋರಾಗಿ ನುಡಿಸಿದಾಗ ಸ್ಪೀಕರ್ ಬಿಗಿಯಾಗುವುದು, ಕೋನ್ ಹರಿದಂತೆ ಕೂಗುವುದು ಅದರಲ್ಲಿ ಬರುವುದಿಲ್ಲ. ಡಿಸ್ಟಾರ್ಶನ್ ಎಲ್ಲ ಅದಕ್ಕೆ ಮೊದಲು, ಆಂಪ್ ಅಥವಾ ಪೆಡಲ್‌ನಲ್ಲೇ ಆಗಬೇಕು.

ಗಿಟಾರ್ ಸ್ಪೀಕರ್ ಮನೆಯ ಹೈಫೈ ಸ್ಪೀಕರ್ ಥರ ಅಲ್ಲ. 1986ರಲ್ಲಿ ಬಂದ ಸೆಲೆಶ್ಚನ್ ವಿಂಟೇಜ್ 30 ತಗೊಳ್ಳಿ. ಅದರ ವ್ಯಾಪ್ತಿ ಸುಮಾರು 70ರಿಂದ 5,000 ಹರ್ಟ್ಸ್. ಅದರ ಮೇಲೆ ಕಡಿದಾಗಿ ಇಳಿಯುತ್ತದೆ. ಡಿಸ್ಟಾರ್ಶನ್ ಪೆಡಲ್ ಹುಟ್ಟಿಸುವ ಕರಕರ ಸದ್ದಿನ ಬಹುಪಾಲು ಇರುವುದು ಆ 5,000ದ ಮೇಲೆಯೇ. ಆಂಪ್ ಹೊತ್ತು ಹೋಗುತ್ತಿದ್ದಾಗ ಸ್ಪೀಕರ್ ಅದನ್ನೆಲ್ಲ ಸುಮ್ನೆ ನುಂಗುತ್ತಿತ್ತು. ಪಿಎ, ಅಂದರೆ ಜನರಿಗೆ ಕೇಳಿಸುವ ಸೌಂಡ್ ಸಿಸ್ಟಮ್‌ನ ಸ್ಪೀಕರ್ ನುಂಗುವುದಿಲ್ಲ, ಇದ್ದದ್ದನ್ನೆಲ್ಲ ಜನರ ಕಿವಿಗೆ ಮುಟ್ಟಿಸುತ್ತದೆ. ನೀವು ಹೇಳುವ ಗುಂಯ್ ಅನ್ನುವ ಸದ್ದು ನೂರಕ್ಕೆ ತೊಂಬತ್ತು ಪಾಲು ಇದೇ ಇರಬೇಕು. ಅಂದರೆ ಐಆರ್ ಕೆಟ್ಟದ್ದಲ್ಲ, ಆ ಕ್ಷಣಕ್ಕೆ ಅದು ಕೆಲಸವೇ ಮಾಡುತ್ತಿಲ್ಲ.

'ಒಂದೊಂದು ಸಲ' ಅಂದಿರಿ ನೋಡಿ, ಅದು ಮುಖ್ಯ ಸುಳಿವು. ಕೆಲವು ಯೂನಿಟ್‌ಗಳಲ್ಲಿ ಕ್ಯಾಬ್ ಸಿಮ್ಯುಲೇಶನ್, ಅಂದರೆ ಐಆರ್‌ನಿಂದ ಕ್ಯಾಬಿನೆಟ್ ನಕಲು ಮಾಡುವ ಭಾಗ, ಪ್ರತಿ ಔಟ್‌ಪುಟ್‌ಗೂ ಬೇರೆ ಬೇರೆ ಆನ್, ಆಫ್ ಇರುತ್ತದೆ. ಹೆಡ್‌ಫೋನ್‌ಗೆ ಆನ್, ಕಾಲಿಂಚಿನ ಜ್ಯಾಕ್‌ಗೆ ಆಫ್, ಎಕ್ಸ್‌ಎಲ್‌ಆರ್‌ಗೆ ಆನ್. ಒಂದು ಕಾರ್ಯಕ್ರಮದಲ್ಲಿ ಎಕ್ಸ್‌ಎಲ್‌ಆರ್ ಕೊಟ್ಟಿರುತ್ತೀರಿ, ಇನ್ನೊಂದರಲ್ಲಿ ಸೌಂಡ್‌ನವರು ಡಿಐ ಬಾಕ್ಸ್ (ಜ್ಯಾಕ್ ಸಿಗ್ನಲನ್ನು ಮಿಕ್ಸರ್‌ಗೆ ಹೊಂದಿಸುವ ಪೆಟ್ಟಿಗೆ) ತಂದು ಜ್ಯಾಕ್ ಕೇಳಿರುತ್ತಾರೆ. ಗ್ಲೋಬಲ್ ಸೆಟ್ಟಿಂಗ್ ತೆರೆದು ಪ್ರತಿ ಔಟ್‌ಪುಟ್ ನೋಡಿ. ಇನ್ನೊಂದು ಸಾಧ್ಯತೆ: ಒಂದು ಪ್ಯಾಚ್‌ನಲ್ಲಿ, ಅಂದರೆ ನೀವು ಉಳಿಸಿಟ್ಟ ಟೋನ್‌ನಲ್ಲಿ, ಐಆರ್ ಬ್ಲಾಕ್ ಇದೆ, ಆದರೆ ಫೈಲ್ ಇದ್ದ ಸ್ಲಾಟ್ ಖಾಲಿಯಾಗಿದೆ. ಸ್ಲಾಟ್‌ಗಳಲ್ಲಿ ಫೈಲ್ ಅದಲು ಬದಲು ಮಾಡಿದಾಗ ಹೀಗೆ ಆಗುತ್ತದೆ, ಪ್ಯಾಚ್ ನೆನಪಿಟ್ಟುಕೊಳ್ಳುವುದು ಹೆಚ್ಚಾಗಿ ಸ್ಲಾಟ್ ನಂಬರನ್ನು.

ಉಲ್ಟಾ ತಪ್ಪೂ ಇದೆ. ಎಲ್ಲಾದರೂ ಸ್ಟೇಜ್ ಮೇಲೆ ಗಿಟಾರ್ ಆಂಪ್ ಕೊಟ್ಟರೆ, ಅದಕ್ಕೆ ಹೋಗುವ ಸಾಲಿನಲ್ಲಿ ಐಆರ್ ಇರಬಾರದು. ಎರಡು ಸ್ಪೀಕರ್ ದಾಟಿದ ಸದ್ದು ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಆಂಪ್‌ನ ಸದ್ದನ್ನು ಕಲಿತು ನಕಲು ಮಾಡುವ, ಈಗ ತುಂಬಾ ಓಡುತ್ತಿರುವ ನ್ಯೂರಲ್ ಆಂಪ್ ಮಾಡೆಲರ್ ಫೈಲ್‌ಗಳಲ್ಲೂ ಎಚ್ಚರ. ಕೆಲವದರಲ್ಲಿ ಬರೀ ಆಂಪ್ ಇರುತ್ತದೆ, ಕೆಲವದರಲ್ಲಿ ಆಂಪ್, ಕ್ಯಾಬ್, ಮೈಕ್ ಎಲ್ಲ ಸೇರಿರುತ್ತದೆ. ಎರಡನೆಯದಕ್ಕೆ ಐಆರ್ ಹಾಕಬೇಡಿ.

ಇನ್ನು 'ಯಾವ ಐಆರ್?' ಅನ್ನುವುದು. ನನ್ನ ಅಭಿಪ್ರಾಯ ಸ್ಪಷ್ಟ: ಸ್ಪೀಕರ್ ಹೆಸರಿಗಿಂತ ಮೈಕ್ ಎಲ್ಲಿತ್ತು ಅನ್ನುವುದು ಜಾಸ್ತಿ ಮುಖ್ಯ. ನೂರಾರು ಫೈಲ್ ಇಳಿಸಿದವರು ವಿಂಟೇಜ್ 30, ಗ್ರೀನ್‌ಬ್ಯಾಕ್, ಜೆನ್ಸನ್ ಅಂತ ಹೆಸರು ನೋಡಿ ಹುಡುಕುತ್ತಾ ಕೂರುತ್ತಾರೆ. ಅದೇ ಸ್ಪೀಕರ್ ಮುಂದೆ ಮೈಕನ್ನು ಒಂದೆರಡು ಬೆರಳು ಸರಿಸಿದರೆ ಆಗುವ ವ್ಯತ್ಯಾಸ ಎಷ್ಟೋ ಸಲ ಸ್ಪೀಕರ್ ಬದಲಿಸಿದ್ದಕ್ಕಿಂತ ದೊಡ್ಡದು.

12 ಇಂಚಿನ ಸ್ಪೀಕರನ್ನು ಎದುರಿಂದ ನೋಡಿ. ನಡುವೆ ಉಬ್ಬಿದ ಗುಂಡನೆಯ ಮುಚ್ಚಳ, ಅದು ಡಸ್ಟ್ ಕ್ಯಾಪ್. ಸುತ್ತ ಇಳಿಜಾರಾದ ಕಾಗದದ ಕೋನ್. ಕ್ಯಾಪ್‌ನ ನಟ್ಟ ನಡುವೆ ಮೈಕ್ ಇಟ್ಟರೆ ಸದ್ದು ಚೂಪು. ತಂತಿಗೆ ಪಿಕ್ ತಾಗುವ ಕಿಟ್ ಅನ್ನುವ ಸದ್ದೂ ಬರುತ್ತದೆ. ಕ್ಯಾಪ್ ಮುಗಿದು ಕೋನ್ ಶುರುವಾಗುವ ಅಂಚಿಗೆ ಸರಿಸಿದರೆ ಚೂಪು ಕಮ್ಮಿ, ಮಧ್ಯದ ಸ್ವರ ಮುಂದೆ ಬರುತ್ತದೆ. ಇನ್ನೂ ಹೊರಗೆ, ಕೋನ್ ಮೇಲೆ ಹೋದರೆ ಮಂದ, ದಪ್ಪ. ಹತ್ತಿರ ತಂದರೆ ಬೇಸ್ ಏರುತ್ತದೆ, ಒಂದು ಗೇಣು ಹಿಂದಕ್ಕೆ ತಂದರೆ ಬೇಸ್ ಇಳಿದು ಗಾಳಿಯಾಡುತ್ತದೆ. ಐಆರ್ ಫೈಲ್ ಹೆಸರಿನಲ್ಲಿ ಕ್ಯಾಪ್, ಕ್ಯಾಪ್ ಎಡ್ಜ್, ಕೋನ್ ಅಂತ ಬರೆದಿರುವುದು ಇದನ್ನೇ. ಹಿಂದೆ ಇರುವ ಅಂಕಿ ಹೆಚ್ಚಾಗಿ ದೂರ, ಇಲ್ಲವೇ ನಡುವಿನಿಂದ ಎಷ್ಟು ಸರಿದಿದೆ ಅನ್ನುವ ಕ್ರಮಸಂಖ್ಯೆ.

ಮೈಕ್ ಹೆಸರೂ ಫೈಲ್‌ನಲ್ಲಿರುತ್ತದೆ. 57 ಅಂದರೆ ಶೂರ್ ಎಸ್‌ಎಂ57, 1965ರಿಂದ ಇರುವ ಡೈನಾಮಿಕ್ ಮೈಕ್. ಮೇಲ್ಮಧ್ಯದಲ್ಲಿ ಅದಕ್ಕೊಂದು ಏರು ಇದೆ, ಅದಕ್ಕೇ ಬ್ಯಾಂಡ್ ಒಳಗೆ ಗಿಟಾರ್ ಕೇಳುತ್ತದೆ. 121 ಅಂದರೆ ರಾಯರ್ ಆರ್-121, ರಿಬ್ಬನ್ ಮೈಕ್. ಮೇಲೆ ಮೃದು, ಕೆಳಗೆ ತುಂಬು. 421 ಅಂದರೆ ಜರ್ಮನಿಯ ಸೆನ್‌ಹೈಸರ್ ಎಂಡಿ 421, 57ಕ್ಕಿಂತ ಸ್ವಲ್ಪ ದಪ್ಪ ಸ್ವಭಾವ. ಹೆಡ್‌ಫೋನ್‌ನಲ್ಲಿ ಒಂದೇ ಕೇಳಿದಾಗ ರಿಬ್ಬನ್ ಐಆರ್ ಗೆಲ್ಲುತ್ತದೆ, 57 ಕೊಂಚ ಒರಟು ಅನ್ನಿಸುತ್ತದೆ. ಕೀಬೋರ್ಡ್, ರಿದಮ್ ಪ್ಯಾಡ್, ತಬಲಾ, ಬೇಸ್, ಗಾಯಕರು ಎಲ್ಲ ಸೇರಿದಾಗ ರಿಬ್ಬನ್ ಮುಳುಗುತ್ತದೆ, 57 ತೇಲುತ್ತದೆ. ನಿಮ್ಮ ಗಿಟಾರ್ ಬ್ಯಾಂಡ್ ಒಳಗೆ ಕಾಣೆಯಾಗುವುದಕ್ಕೆ ಇದು ಒಂದು ಕಾರಣ. ಮನೆಯಲ್ಲಿ ಸುಖವಾಗಿ ಕೇಳುವ ಐಆರನ್ನೇ ಆರಿಸಿ ತಂದಿದ್ದೀರಿ.

ನಿಮ್ಮ ಥರದ ಆರ್ಕೆಸ್ಟ್ರಾಗೆ ಶುರು ಮಾಡಲು ಎರಡು ಸಾಕು. ಹಳೇ ಚಿತ್ರಗೀತೆಗಳ ಕ್ಲೀನ್ ರಿದಮ್‌ಗೆ, ಆರ್ಪೆಜಿಯೋಗೆ ಹಿಂಬದಿ ತೆರೆದ ಕಾಂಬೋದ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ ಇರುವಂಥದ್ದು) ಒಂದು ಐಆರ್: ಒಂದು 12 ಇಂಚಿನ ಜೆನ್ಸನ್ ಥರದ ಸ್ಪೀಕರ್, 57, ಕ್ಯಾಪ್ ಎಡ್ಜ್. ಲೀಡ್‌ಗೆ, ಡ್ರೈವ್ ಇರುವ ಹಾಡುಗಳಿಗೆ ಹಿಂಬದಿ ಮುಚ್ಚಿದ ನಾಲ್ಕು ಸ್ಪೀಕರ್ ಕ್ಯಾಬ್‌ನ 25 ವ್ಯಾಟ್ ಗ್ರೀನ್‌ಬ್ಯಾಕ್, ಅದೂ 57, ಕ್ಯಾಪ್ ಎಡ್ಜ್. ವಿಂಟೇಜ್ 30ನ್ನು ನಾನು ನಿಮಗೆ ಮೊದಲು ಹೇಳುವುದಿಲ್ಲ. 2ರಿಂದ 3 ಕಿಲೋಹರ್ಟ್ಸ್ ಸುತ್ತ ಅದು ಮುಂದೆ ನುಗ್ಗುತ್ತದೆ. ಮೆಟಲ್ ಬ್ಯಾಂಡ್‌ಗೆ ಅದು ವರ. ಗಾಯಕರ ಮಾತು ಸ್ಪಷ್ಟವಾಗುವುದೂ ಅದೇ ಜಾಗದಲ್ಲಿ, ಹಾಗಾಗಿ ಆರ್ಕೆಸ್ಟ್ರಾದಲ್ಲಿ ಹಾಡುವವರ ಜೊತೆ ಜಗಳಕ್ಕೆ ಬೀಳುತ್ತದೆ. ಆಗ ಸೌಂಡ್ ಇಂಜಿನಿಯರ್ ಮೊದಲು ಇಳಿಸುವುದು ನಿಮ್ಮ ಫೇಡರನ್ನೇ.

ಹೋಲಿಸಿ ಆರಿಸುವಾಗ ಒಂದು ಶಿಸ್ತು ಬೇಕು. ಒಂದೇ ತುಣುಕನ್ನು ಲೂಪರ್‌ನಲ್ಲಿ ಹಿಡಿದು ಓಡಲು ಬಿಡಿ, ಕೈ ಖಾಲಿ ಇರಲಿ. ಪ್ರತಿ ಐಆರ್‌ಗೂ ಲೆವೆಲ್ ಸಮ ಮಾಡಿ. ಒಂದು ಫೈಲ್ ಇನ್ನೊಂದಕ್ಕಿಂತ ಸ್ವಲ್ಪ ಜೋರಿದ್ದರೂ ಅದೇ ಚೆಂದ ಅನ್ನಿಸುತ್ತದೆ. ಕಿವಿಯ ಸ್ವಭಾವವೇ ಅದು. ಮತ್ತೆ ಒಂಟಿ ಗಿಟಾರ್ ಕೇಳಬೇಡಿ. ನಿಮ್ಮ ಬ್ಯಾಂಡ್‌ನ ಯಾವುದಾದರೂ ರೆಕಾರ್ಡಿಂಗ್ ಅಥವಾ ಕರೋಕೆ ಟ್ರ್ಯಾಕ್ ಜೊತೆಗೆ ಕೇಳಿ. ಅದರೊಳಗೆ ಕಿವಿಗೆ ಸ್ಪಷ್ಟವಾಗಿ ಸಿಗುವ ಐಆರ್ ಉಳಿಸಿ. ಉಳಿದ ನೂರಾರನ್ನು ಕಂಪ್ಯೂಟರ್‌ನ ಮೂಲೆಯ ಫೋಲ್ಡರ್‌ಗೆ ಹಾಕಿ. ಎರಡು ಐಆರನ್ನು ತಿಂಗಳುಗಟ್ಟಲೆ ಬಳಸಿದರೆ ನಿಮ್ಮ ಕೈ, ಟೋನ್ ನಾಬ್, ಪಿಕ್ ಹಿಡಿಯುವ ಕೋನ ಎಲ್ಲ ಅದಕ್ಕೆ ಒಗ್ಗಿಕೊಳ್ಳುತ್ತದೆ. ಪ್ರತಿ ಕಾರ್ಯಕ್ರಮಕ್ಕೂ ಹೊಸ ಐಆರ್ ಹಾಕುವವರಿಗೆ ಅದು ಸಿಗುವುದೇ ಇಲ್ಲ.

ಈಗ ಜೋರಿನ ವಿಷಯ. ಹೆಡ್‌ಫೋನ್ ಟೋನ್ ಸ್ಟೇಜ್‌ನಲ್ಲಿ ಕೆಡುವುದಕ್ಕೆ ಇದೇ ಅತಿ ದೊಡ್ಡ ಕಾರಣ ಅಂತ ನಾನು ನಂಬಿದ್ದೇನೆ. ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿಗೆ ಬೇಸ್ ಕಮ್ಮಿ ಕೇಳುತ್ತದೆ, ತುದಿಯ ಟ್ರೆಬಲ್ ಕೂಡ ಸ್ವಲ್ಪ ಕಮ್ಮಿ. ಜೋರಾದಂತೆ ಎರಡೂ ಏರಿ ಬರುತ್ತವೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ರಾತ್ರಿ ಮನೆಯಲ್ಲಿ ಮೆಲ್ಲಗೆ ಕೇಳುತ್ತಾ ಬೇಸ್ ಏರಿಸುತ್ತೀರಿ, ಟ್ರೆಬಲ್ ಏರಿಸುತ್ತೀರಿ, ಮಿಡ್ ಇಳಿಸುತ್ತೀರಿ. ಆಹಾ ಅನ್ನಿಸುತ್ತದೆ. ಅದೇ ಪ್ಯಾಚ್ ಗಣೇಶೋತ್ಸವದ ಪಿಎಯಲ್ಲಿ ಬಂದಾಗ ಕೆಳಗೆ ಗುಡುಗುಡು, ಮೇಲೆ ಕಿವಿ ಚುಚ್ಚು. ಇಳಿಸಿದ ಮಿಡ್ಡಿನ ಜಾಗದಲ್ಲಿ, ಗಿಟಾರ್ ನಿಜವಾಗಿ ಬದುಕುವ ಜಾಗದಲ್ಲಿ, ಏನೂ ಇಲ್ಲ. ಅಲ್ಲಿ ಕೀಬೋರ್ಡ್ ಬಂದು ಕೂತಿರುತ್ತದೆ.

ಪರಿಹಾರ ಒಂದೇ. ಟೋನನ್ನು ಸ್ಟೇಜ್‌ನಷ್ಟೇ ಜೋರಾಗಿ, ಪಿಎ ಸ್ಪೀಕರ್‌ನಲ್ಲಿ ಕೇಳಿ ಸೆಟ್ ಮಾಡಬೇಕು. ನಿಮ್ಮ ಸೌಂಡ್ ಸಿಸ್ಟಮ್‌ನವರ ಹತ್ತಿರ ಮಾತಾಡಿ, ಬೇಗ ಜೋಡಿಸಿದ ದಿನ ಅರ್ಧ ಗಂಟೆ ಕೇಳಿಕೊಳ್ಳಿ. ಪಿಎಯಲ್ಲಿ ಪ್ಯಾಚ್ ಹಾಕಿ, ಸ್ಟೇಜ್‌ನಿಂದ ಇಳಿದು ಜನ ಕೂರುವ ಜಾಗದಲ್ಲಿ ನಿಂತು ಕೇಳಿ. ಕೇಬಲ್ ಅಲ್ಲಿಗೆ ಎಟುಕದಿದ್ದರೆ ಲೂಪರ್ ಓಡಲಿ. ಅದೂ ಆಗದಿದ್ದರೆ ಮನೆಯಲ್ಲೇ, ಹೆಡ್‌ಫೋನ್‌ನಲ್ಲಿ ನಿಮಗೆ ಹಿಡಿಸಿದ್ದಕ್ಕಿಂತ ಬೇಸ್ ಕಮ್ಮಿ, ಗೇನ್ ಕಮ್ಮಿ, ಮಿಡ್ ಜಾಸ್ತಿ ಇಡಿ. ಒಂಟಿಯಾಗಿ ಕೇಳಿದಾಗ ಸ್ವಲ್ಪ ಮೂಗಿನಲ್ಲಿ ಮಾತಾಡಿದ ಹಾಗೆ ಅನ್ನಿಸುತ್ತದೆ. ಬ್ಯಾಂಡ್ ಜೊತೆ ಸರಿಹೋಗುತ್ತದೆ.

ಜೊತೆಗೆ ಐಆರ್ ಬ್ಲಾಕ್‌ನಲ್ಲೇ ಲೋ ಕಟ್ (ಅದರ ಕೆಳಗಿನದನ್ನು ಕತ್ತರಿಸುವುದು), ಹೈ ಕಟ್ (ಅದರ ಮೇಲಿನದನ್ನು ಕತ್ತರಿಸುವುದು) ಇರುತ್ತವೆ. ಲೋ ಕಟ್ 90ರಿಂದ 110 ಹರ್ಟ್ಸ್. ಗಿಟಾರಿನ ದಪ್ಪ ತಂತಿ ತೆರೆದು ಮೀಟಿದರೆ 82 ಹರ್ಟ್ಸ್, ಆದರೆ ಆ ಜಾಗ ಬೇಸ್ ಗಿಟಾರಿಗೆ, ಕೀಬೋರ್ಡಿನ ಎಡಗೈಗೆ, ಡೋಲಕ್‌ಗೆ ಸೇರಿದ್ದು. ಬಿಟ್ಟುಕೊಟ್ಟರೆ ನಷ್ಟ ಇಲ್ಲ. ಹೈ ಕಟ್ 6ರಿಂದ 8 ಕಿಲೋಹರ್ಟ್ಸ್. ಇವೆರಡರಲ್ಲೇ ಸ್ಟೇಜ್‌ನ ಅರ್ಧ ತೊಂದರೆ ಹೋಗುತ್ತದೆ. ಇಷ್ಟಾಗಿಯೂ ಎಲ್ಲೋ ಸಿಳ್ಳೆ ಥರ ಚುಚ್ಚಿದರೆ, 3ರಿಂದ 5 ಕಿಲೋಹರ್ಟ್ಸ್ ನಡುವೆ ಒಂದು ಕಿರಿದಾದ ಕಟ್ ಹಾಕಿ. ನಾಲ್ಕೈದು ಕಟ್ ಬೇಕಾಗುತ್ತಿದೆ ಅಂದರೆ ಇಕ್ಯೂ ಬಿಡಿ, ಐಆರ್ ಬದಲಿಸಿ.

ನಿಮ್ಮ ನಿರೀಕ್ಷೆಯೂ ಸ್ವಲ್ಪ ಬದಲಾಗಬೇಕು. ಇಷ್ಟು ವರ್ಷ ಆಂಪ್ ನಿಮ್ಮ ಮೊಣಕಾಲ ಹಿಂದೆ ಇತ್ತು. ನಿಮ್ಮ ಕಿವಿ ಸ್ಪೀಕರ್‌ನ ನೇರಕ್ಕೆ ಯಾವತ್ತೂ ಇರಲಿಲ್ಲ. ಚೂಪಾದ ಸದ್ದು ಮುಂದಕ್ಕೆ ಹೋಗುತ್ತಿತ್ತು, ನಿಮಗೆ ಬರುತ್ತಿದ್ದುದು ಮಂದವಾದ, ಗೋಡೆಗೆ ಬಡಿದು ಬಂದ ಸದ್ದು. ಐಆರ್ ಕೊಡುವುದು ಸ್ಪೀಕರ್‌ನಿಂದ ಎರಡು ಮೂರು ಸೆಂಟಿಮೀಟರ್ ದೂರದ ಮೈಕ್ ಕೇಳಿದ ಸದ್ದನ್ನು. ನೀವು ಇಷ್ಟಪಟ್ಟ ರೆಕಾರ್ಡಿಂಗ್‌ಗಳಲ್ಲಿ ಕೇಳಿದ್ದು ಅದನ್ನೇ, ನಿಮ್ಮ ಆಂಪ್ ಪಕ್ಕ ನಿಂತು ಕೇಳಿದ್ದು ಅದಲ್ಲ. ಎದೆಗೆ ತಾಗುವ ಆ ಗಾಳಿ ಬೇಕೇ ಬೇಕು ಅಂದರೆ, ಒಂದು 10 ಅಥವಾ 12 ಇಂಚಿನ ಪವರ್ಡ್ ಪಿಎ ಸ್ಪೀಕರನ್ನು ನಿಮ್ಮದೇ ಮಾನಿಟರ್ ಮಾಡಿಕೊಳ್ಳಿ. ಹಿಂದೆ, ಆಂಪ್ ಇರುತ್ತಿದ್ದ ಜಾಗದಲ್ಲಿ ಇಡಿ. ಮಿಕ್ಸರ್‌ಗೆ ಬೇರೆ ಸಾಲು ಹೋಗಲಿ.

ಸೌಂಡ್‌ನವರಿಗೆ ಸಾಲು ಕೊಡುವಾಗ ಮೂರು ಮಾತು ಹೇಳಿ: 'ಇದರಲ್ಲೇ ಕ್ಯಾಬ್ ಇದೆ, ಇಕ್ಯೂ ಫ್ಲ್ಯಾಟ್ ಇಡಿ. ಈ ಚಾನೆಲ್‌ಗೆ ಫ್ಯಾಂಟಮ್ ಪವರ್ ಬೇಡ. ಮೋನೊ ಸಾಕು.' ಮಿಕ್ಸರ್ ಮೈಕ್‌ಗಳಿಗಾಗಿ ಕೇಬಲ್‌ನಲ್ಲೇ ಕಳಿಸುವ ಈ 48 ವೋಲ್ಟ್ ಫ್ಯಾಂಟಮನ್ನು ಕೆಲವು ಯೂನಿಟ್‌ಗಳ ಔಟ್‌ಪುಟ್ ಸಹಿಸುವುದಿಲ್ಲ. ಎಡಕ್ಕೊಂದು ಐಆರ್ ಬಲಕ್ಕೊಂದು ಐಆರ್ ಹಾಕಿದ ಸ್ಟೀರಿಯೋ ಪ್ಯಾಚ್ ಹೆಡ್‌ಫೋನ್‌ನಲ್ಲಿ ಅಗಲವಾಗಿ ಕೇಳುತ್ತದೆ. ಬಯಲಿನ ಕಾರ್ಯಕ್ರಮದಲ್ಲಿ ಎರಡೂ ಕಡೆ ಕೂಡಿಸಿ ಮೋನೊ ಮಾಡಿದರೆ ಅದೇ ಪ್ಯಾಚ್ ಟೊಳ್ಳಾಗುತ್ತದೆ. ಜನರೇಟರ್ ಇರುವ ಕಡೆ ಹಮ್ ಬಂದರೆ ಯೂನಿಟ್‌ನ ಅಥವಾ ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಬಟನ್ ಒತ್ತಿ. ಪ್ಲಗ್‌ನ ಅರ್ಥ್ ಪಿನ್ ಕಿತ್ತು ಹಮ್ ನಿಲ್ಲಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಅದನ್ನು ಮಾಡಬೇಡಿ, ಯಾರಿಗೂ ಮಾಡಲು ಬಿಡಬೇಡಿ. ಕೈಯಲ್ಲಿ ತಂತಿ, ತುಟಿಗೆ ಮೈಕ್. ಜೀವ ಹೋಗುವ ಕೆಲಸ ಅದು.

ಆ 'ಟೊಳ್ಳು' ಯಾಕೆ ಅಂತ ಹೇಳಿಬಿಡುತ್ತೇನೆ, ರೆಕಾರ್ಡಿಂಗ್‌ಗೂ ಬೇಕಾಗುತ್ತದೆ. ಸದ್ದು ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಒಂದು ಐಆರ್ ಮಾಡುವಾಗ ಮೈಕ್ ಸ್ಪೀಕರ್‌ಗೆ ಅಂಟಿಕೊಂಡಿತ್ತು, ಇನ್ನೊಂದರಲ್ಲಿ 17 ಸೆಂಟಿಮೀಟರ್ ಹಿಂದಿತ್ತು ಅನ್ನಿ. ಎರಡನ್ನೂ ಕೂಡಿಸಿದರೆ ಅರ್ಧ ಮಿಲಿಸೆಕೆಂಡ್ ವ್ಯತ್ಯಾಸ. ಆಗ 1,000 ಹರ್ಟ್ಸ್‌ನಲ್ಲಿ ಒಂದರ ಏರು ಇನ್ನೊಂದರ ಇಳಿತಕ್ಕೆ ಸರಿಯಾಗಿ ಸೇರಿ ಸದ್ದು ಅಳಿಯುತ್ತದೆ. 3,000ದಲ್ಲೂ ಹಾಗೇ, 5,000ದಲ್ಲೂ ಹಾಗೇ. ಗಿಟಾರಿನ ಪ್ರಾಣ ಇರುವ ಜಾಗದಲ್ಲೇ ಸಾಲಾಗಿ ಗುಂಡಿಗಳು. ಬರೀ ಮೂರೂವರೆ ಸೆಂಟಿಮೀಟರ್ ವ್ಯತ್ಯಾಸ ಇದ್ದರೂ 5,000 ಹರ್ಟ್ಸ್ ಹತ್ತಿರ ಗುಂಡಿ ಬೀಳುತ್ತದೆ. ಎರಡು ಐಆರ್ ಬೆರೆಸುವ ಆಸೆಯಿದ್ದರೆ ಒಂದೇ ಕಂಪನಿಯ ಒಂದೇ ಪ್ಯಾಕ್‌ನಿಂದ, ಸಮಯ ಹೊಂದಿಸಿದ ಫೈಲ್‌ಗಳನ್ನು ತಗೊಳ್ಳಿ. ಅನುಮಾನ ಬಂದರೆ ಒಂದರ ಪೊಲಾರಿಟಿ ತಿರುಗಿಸಿ, ಅಂದರೆ ಅದರ ಏರನ್ನು ಇಳಿತ ಮಾಡಿ, ನೋಡಿ. ತಿರುಗಿಸಿದಾಗ ಸದ್ದು ಸಪೂರವಾಗಿ ಸತ್ತರೆ ಮೊದಲಿದ್ದದ್ದೇ ಸರಿ. ತಿರುಗಿಸಿದಾಗ ಸದ್ದು ತುಂಬಿ ಬಂದರೆ ಮೊದಲಿದ್ದದ್ದು ತಪ್ಪು. ಲೈವ್‌ಗೆ ಮಾತ್ರ ಒಂದೇ ಐಆರ್ ಸಾಕು ಅನ್ನುವುದು ನನ್ನ ಸಲಹೆ.

ಹಾಡು ರೆಕಾರ್ಡ್ ಮಾಡುವಾಗ ಐಆರ್‌ನ ನಿಜವಾದ ಲಾಭ ಸಿಗುತ್ತದೆ. ಲೋಡ್ ಬಾಕ್ಸ್‌ನಿಂದ ಬಂದ ಸಿಗ್ನಲನ್ನು ಐಆರ್ ಇಲ್ಲದೆ ರೆಕಾರ್ಡ್ ಮಾಡಿ. ನುಡಿಸುವಾಗ ಕೇಳಲು ಮಾತ್ರ ಐಆರ್ ಹಾಕಿಕೊಳ್ಳಿ. ಬರೀ ಗಿಟಾರಿನ ಡಿಐ, ಅಂದರೆ ಆಂಪ್‌ಗೆ ಹೋಗುವ ಮೊದಲಿನ ನೇರ ಸಿಗ್ನಲ್, ಕೂಡ ಬೇರೆ ಟ್ರ್ಯಾಕ್‌ನಲ್ಲಿ ಇರಲಿ. ಹಾಡೆಲ್ಲ ಕೂಡಿದ ಮೇಲೆ, ಗಾಯನ ಬಂದ ಮೇಲೆ, ಆಗ ಸ್ಪೀಕರ್ ಆರಿಸಿ. ನಿಜವಾದ ಮೈಕ್ ಇಟ್ಟು ರೆಕಾರ್ಡ್ ಮಾಡಿದವರಿಗೆ ಈ ಸ್ವಾತಂತ್ರ್ಯ ಇರಲಿಲ್ಲ. ಇಗ್ನೈಟ್ ಆಂಪ್ಸ್‌ನವರ ನಾಡಿರ್ ಅನ್ನುವ ಐಆರ್ ಲೋಡರ್ ಉಚಿತವಾಗಿ ಸಿಗುತ್ತದೆ, ಎರಡು ಐಆರ್ ಹಾಕಿ ನಡುವಿನ ತಡ ಹೊಂದಿಸಬಹುದು. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುವವರಾದರೆ ಅದರೊಳಗಿನ ರಿಯಾವರ್ಬ್‌ನಲ್ಲೂ ಐಆರ್ ಹಾಕಬಹುದು.

ಎಡ ಬಲ ಅಗಲ ಬೇಕಾದರೆ ರಿದಮನ್ನು ಎರಡು ಸಲ ನುಡಿಸಿ. ಒಂದೇ ಟೇಕನ್ನು ಕಾಪಿ ಮಾಡಿ ಎರಡು ಬೇರೆ ಐಆರ್ ಹಾಕಿದರೆ ಮೇಲೆ ಹೇಳಿದ ಗುಂಡಿಗಳೇ ಬರುತ್ತವೆ, ಫೋನ್ ಸ್ಪೀಕರ್‌ನಲ್ಲಿ ಕೇಳಿದವರಿಗೆ ಗಿಟಾರ್ ಮಾಯ. ಎರಡು ಸಲ ನುಡಿಸಿ, ಎಡಕ್ಕೆ ಗ್ರೀನ್‌ಬ್ಯಾಕ್, ಬಲಕ್ಕೆ ಬೇರೊಂದು. ಆಗ ಕೈಗಳ ನಡುವಿನ ಸಣ್ಣ ವ್ಯತ್ಯಾಸವೇ ಅಗಲ ಕೊಡುತ್ತದೆ.

ರಿವರ್ಬ್ ಐಆರ್‌ಗೆ ಮೊದಲೋ ಆಮೇಲೋ ಅನ್ನುವ ಚರ್ಚೆ ತುಂಬಾ ಇದೆ. ಮೋನೊದಲ್ಲಿ ಸಾದಾ ರಿವರ್ಬ್ ಎಲ್ಲಿಟ್ಟರೂ ಒಂದೇ, ಎರಡೂ ಲೀನಿಯರ್ ಲೆಕ್ಕಗಳು, ಕ್ರಮ ಬದಲಾದರೂ ಉತ್ತರ ಬದಲಾಗದು. ಸ್ಟೀರಿಯೋ ರಿವರ್ಬ್ ಮಾತ್ರ ಆಮೇಲೆಯೇ ಇರಲಿ. ಮೊದಲಿಟ್ಟರೆ ಮೋನೊ ಐಆರ್ ಅದರ ಅಗಲವನ್ನು ಕೂಡಿಸಿ ಒಂದು ಮಾಡಿಬಿಡುತ್ತದೆ.

ಫೈಲ್ ಬಗ್ಗೆ ಎರಡು ವಿಷಯ. ಮೊದಲನೆಯದು ಸ್ಯಾಂಪಲ್ ರೇಟ್, ಅಂದರೆ ಒಂದು ಸೆಕೆಂಡಿನಲ್ಲಿ ಸದ್ದನ್ನು ಎಷ್ಟು ಸಲ ಅಳೆದಿದೆ ಅನ್ನುವುದು. 44.1 ಕಿಲೋಹರ್ಟ್ಸ್‌ನ ಫೈಲನ್ನು 48 ಕಿಲೋಹರ್ಟ್ಸ್‌ನಲ್ಲಿ ಓಡುವ ಯೂನಿಟ್ ಪರಿವರ್ತಿಸದೆ ಓದಿದರೆ, ಸ್ಪೀಕರ್‌ನ ಗುಣವೆಲ್ಲ ಶೇಕಡಾ 9ರಷ್ಟು ಮೇಲಕ್ಕೆ ಸರಿಯುತ್ತದೆ. ಚಿಕ್ಕ ಸ್ಪೀಕರ್ ಹಾಕಿದ ಹಾಗೆ ಕೇಳುತ್ತದೆ. ಒಳ್ಳೆಯ ಲೋಡರ್‌ಗಳು ತಾವೇ ಸರಿಮಾಡಿಕೊಳ್ಳುತ್ತವೆ, ಆದರೂ 48 ಕಿಲೋಹರ್ಟ್ಸ್ ಮೋನೊ ಫೈಲ್ ಇದ್ದರೆ ಅದನ್ನೇ ಹಾಕಿ. ಎರಡನೆಯದು ಉದ್ದ. 48 ಕಿಲೋಹರ್ಟ್ಸ್‌ನಲ್ಲಿ 1,024 ಸ್ಯಾಂಪಲ್ ಅಂದರೆ 21 ಮಿಲಿಸೆಕೆಂಡ್, 2,048 ಅಂದರೆ 43. ಹತ್ತಿರದ ಮೈಕ್‌ನ ಐಆರ್‌ಗೆ ಇಷ್ಟು ಸಾಕು. ಉದ್ದ ಇದ್ದಷ್ಟೂ ಕೆಳಗಿನ ಬೇಸ್‌ನ ವಿವರ ಚೆನ್ನಾಗಿ ಬರುತ್ತದೆ, ಲೋ ಕಟ್ ಹಾಕುವ ಲೈವ್‌ನಲ್ಲಿ ಆ ವ್ಯತ್ಯಾಸ ಗೊತ್ತಾಗದು. ಯೂನಿಟ್‌ನ ಶಕ್ತಿ ಉಳಿಸಲು ಸ್ಟೇಜ್‌ಗೆ 1,024 ಇಡಿ, ರೆಕಾರ್ಡಿಂಗ್‌ಗೆ ಪೂರ್ತಿ ಫೈಲ್.

ಮೊದಲು ಮಾಡಬೇಕಾದ್ದು ಗ್ಲೋಬಲ್ ಸೆಟ್ಟಿಂಗ್‌ನಲ್ಲಿ ಮಿಕ್ಸರ್‌ಗೆ ಕೊಡುವ ಪ್ರತಿ ಔಟ್‌ಪುಟ್‌ನ ಕ್ಯಾಬ್ ಆನ್ ಇದೆಯೇ ಅಂತ ನೋಡುವುದು. ಅದಾದ ಮೇಲೂ ಗುಂಯ್ ಅನ್ನುವುದು ನಿಲ್ಲದಿದ್ದರೆ ಮತ್ತೆ ಬರೆಯಿರಿ. ಯೂನಿಟ್‌ನ ಮಾಡೆಲ್, ಮಿಕ್ಸರ್‌ಗೆ ಹೋದದ್ದು ಯಾವ ಜ್ಯಾಕ್‌ನಿಂದ, ಐಆರ್ ಫೈಲ್‌ನ ಪೂರ್ತಿ ಹೆಸರು, ಮಧ್ಯೆ ಡಿಐ ಬಾಕ್ಸ್ ಇತ್ತೇ ಇಲ್ಲವೇ, ಇಷ್ಟು ತಿಳಿಸಿ. ಸಾಧ್ಯವಾದರೆ ಮಿಕ್ಸರ್‌ನಿಂದ ಬರೀ ಗಿಟಾರ್ ಚಾನೆಲ್‌ನ ಒಂದು ನಿಮಿಷದ ರೆಕಾರ್ಡಿಂಗ್ ಕಳಿಸಿ. 5,000 ಹರ್ಟ್ಸ್ ಮೇಲೆ ಸದ್ದು ಇಳಿದಿದೆಯೋ ಇಲ್ಲವೋ ಅಂತ ಅದರಲ್ಲಿ ನೋಡಿ ಹೇಳಬಹುದು.